ಎಣ್ಣೆಯೇ ಲೆಕ್ಕ ಹಾಕುವ ಗೇರ್‌ಬಾಕ್ಸ್

ಆಟೊಮ್ಯಾಟಿಕ್ ಗೇರಿನ ಹಳೆಯ ಶೆವರ್ಲೆಯ ಸೈಲೆನ್ಸರಿನಿಂದ ಬಿಳಿ ಹೊಗೆ. ಗೇರ್ ತಡವಾಗಿ, ಜಗ್ಗಿದ ಹಾಗೆ ಬೀಳುತ್ತದೆ. ಗೇರ್ ಎಣ್ಣೆ ಕಡಿಮೆಯಾಗುತ್ತಲೇ ಇದೆ, ನೆಲದ ಮೇಲೆ ಮಾತ್ರ ಒಂದು ತೊಟ್ಟೂ ಇಲ್ಲ. 'ಗೇರ್‌ಬಾಕ್ಸ್ ಹೋಗಿದೆ, ಹೊಸದು ಹಾಕಿಸಿ' ಎನ್ನುವವರು ಕೂಡಲೇ ಸಿಗುತ್ತಾರೆ. ಆದರೆ ಇಷ್ಟು ಲಕ್ಷಣ ಒಟ್ಟಿಗೆ ಕಂಡರೆ ಮೊದಲು ನೋಡಬೇಕಾದದ್ದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ತಗಡಿನ ಡಬ್ಬಿಯನ್ನು, ಅಂದರೆ ವ್ಯಾಕ್ಯೂಮ್ ಮಾಡ್ಯುಲೇಟರನ್ನು. ಒಳಗಿನ ರಬ್ಬರ್ ಪೊರೆ ಹರಿದರೆ ಎಂಜಿನ್ ಗೇರ್ ಎಣ್ಣೆಯನ್ನೇ ಹೀರಿ ಸುಡುತ್ತದೆ. ಎಂಜಿನ್ನಿನಿಂದ ಅದಕ್ಕೆ ಬರುವ ರಬ್ಬರ್ ನಳಿಕೆ ಕಿತ್ತು ನೋಡಿ. ಒಳಗೆ ಕೆಂಪೆಣ್ಣೆ ಇದ್ದರೆ ರೋಗ ಅಲ್ಲೇ ಇದೆ, ಗೇರ್‌ಬಾಕ್ಸ್ ಇಳಿಸುವುದೇ ಬೇಡ.

ಜನರಲ್ ಮೋಟರ್ಸ್ 1969ರಲ್ಲಿ ತಂದ ಟರ್ಬೋ ಹೈಡ್ರಾಮ್ಯಾಟಿಕ್ 350 ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಒಂದು ಕಂಪ್ಯೂಟರ್ ಚಿಪ್ಪೂ ಇಲ್ಲ. ಆದರೂ ಅದು ಲೆಕ್ಕ ಹಾಕುತ್ತದೆ, ಅದೇ ಅದರ ಸೊಬಗು. ಗಾಡಿಯ ವೇಗ ಏರಿದಂತೆ ಗವರ್ನರಿನ ತೂಕದ ತುಂಡುಗಳು ಹೊರಕ್ಕೆ ಚಿಮ್ಮಿ ಎಣ್ಣೆಯ ಒಂದು ಒತ್ತಡವನ್ನು ಏರಿಸುತ್ತವೆ. ಎಂಜಿನ್ನಿನ ಮೇಲೆ ಭಾರ ಬಿದ್ದಂತೆ ಮಾಡ್ಯುಲೇಟರ್ ಇನ್ನೊಂದು ಒತ್ತಡವನ್ನು ಏರಿಸುತ್ತದೆ. ಎರಡರ ನಡುವೆ ಬೆರಳು ಗಾತ್ರದ ಒಂದು ಉಕ್ಕಿನ ವಾಲ್ವ್. ಇದು ಹಗ್ಗಜಗ್ಗಾಟ ಎನ್ನಿ, ತಕ್ಕಡಿ ಎನ್ನಿ: ಒಂದು ತಟ್ಟೆಯಲ್ಲಿ ವೇಗ, ಇನ್ನೊಂದರಲ್ಲಿ ಭಾರ ಮತ್ತು ಒಂದು ಸ್ಪ್ರಿಂಗು. ವೇಗದ ತಟ್ಟೆ ತೂಗಿದ ಕ್ಷಣ ವಾಲ್ವ್ ಸರಿಯುತ್ತದೆ, ತೂಬು ತೆರೆದ ಕೆರೆಯಂತೆ ಎಣ್ಣೆ ಮುಂದಿನ ಗೇರನ್ನು ಹಿಡಿಯುವ ಕ್ಲಚ್ಚಿಗೆ, ಅಂದರೆ ಒಂದರ ಮೇಲೊಂದು ಒತ್ತುವ ಪ್ಲೇಟುಗಳ ಜೋಡಣೆಗೆ ನುಗ್ಗುತ್ತದೆ, ಗೇರ್ ಬೀಳುತ್ತದೆ. ಎಣ್ಣೆಯ ಈ ಬುದ್ಧಿ ಮೊದಲು ದೊಡ್ಡ ಪ್ರಮಾಣದಲ್ಲಿ ಮಾರಾಟವಾದದ್ದು 1940ರ ಮಾದರಿಯ ಓಲ್ಡ್ಸ್‌ಮೊಬೈಲ್‌ನ ಹೈಡ್ರಾಮ್ಯಾಟಿಕ್ ಆಗಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಎಂ5 ಟ್ಯಾಂಕನ್ನು ಓಡಿಸಿದ್ದು ಎರಡು ಕ್ಯಾಡಿಲಾಕ್ ಎಂಜಿನ್ ಮತ್ತು ಎರಡು ಹೈಡ್ರಾಮ್ಯಾಟಿಕ್.

ಹಾಗಾದರೆ ಹಾಳಾಗುವುದು ಏನು? ಹೆಚ್ಚಾಗಿ ರಬ್ಬರು. ಶಾಖಕ್ಕೆ ಕ್ಲಚ್ಚನ್ನು ಒತ್ತುವ ಪಿಸ್ಟನ್ನಿನ ಸೀಲು ಕಲ್ಲಾಗುತ್ತದೆ, ಒತ್ತಡ ಸೋರುತ್ತದೆ, ಕ್ಲಚ್ ಜಾರಿ ಸುಡುತ್ತದೆ. ಬರೀ ಪ್ಲೇಟ್ ಬದಲಿಸಿ ಹಳೆ ಸೀಲು ಬಿಟ್ಟರೆ ಹೊಸ ಪ್ಲೇಟೂ ಅದೇ ದಾರಿ ಹಿಡಿಯುತ್ತದೆ. ಹೊಸ ಪ್ಲೇಟುಗಳನ್ನು ಕನಿಷ್ಠ ಅರ್ಧ ಗಂಟೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಕೆಂಪೆಣ್ಣೆಯಲ್ಲೇ (ಎಟಿಎಫ್) ನೆನೆಸಿ. ಜೋಡಿಸಿದ ಮೇಲೆ ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ತಗಡಿನ ಪಟ್ಟಿ, ತೂರಿಸಿ ಸಂದು ಅಳೆಯಿರಿ. ಪ್ರತಿ ಫ್ರಿಕ್ಷನ್ ಪ್ಲೇಟಿಗೆ ಸುಮಾರು 0.25 ಮಿ.ಮೀ. ಲೆಕ್ಕ. ಬಿಗಿಯಾದರೆ ಪ್ಲೇಟು ಸದಾ ಉಜ್ಜುತ್ತದೆ, ಸಡಿಲವಾದರೆ ಕ್ಲಚ್ ತಡವಾಗಿ ಹಿಡಿಯುತ್ತದೆ. ಪೆಟ್ಟಿಗೆ ಮುಚ್ಚುವ ಮುನ್ನ ಕ್ಲಚ್ಚಿನ ಎಣ್ಣೆದಾರಿಗೆ ಗಾಳಿ ಬಿಡಿ. 'ದಪ್' ಎಂದು ಕೂತರೆ ಸರಿ, 'ಸುಸ್' ಎಂದರೆ ಮತ್ತೆ ಬಿಚ್ಚಬೇಕು. ಗೇರ್ ಎಣ್ಣೆ ತಂಪಾಗಿಸುವ ಕೂಲರ್ ತೊಳೆಯದೆ ಬಿಡುವುದಂತೂ ಅಕ್ಷಮ್ಯ. ಅಲ್ಲಿ ಅಡಗಿರುವ ಹಳೆಯ ಪುಡಿ ನೇರ ಹೊಸ ಪೆಟ್ಟಿಗೆಗೆ ಬರುತ್ತದೆ.

350ರ ಬದಲು 1993ರಿಂದ ಬಂದ, ಕಂಪ್ಯೂಟರ್ ನಡೆಸುವ ಜನರಲ್ ಮೋಟರ್ಸ್ ಗೇರ್‌ಬಾಕ್ಸ್ 4ಎಲ್60ಇ ಹಾಕಿಸುವುದಕ್ಕೆ ಒಂದು ಗಟ್ಟಿ ಕಾರಣವಿದೆ: 0.70 ಅನುಪಾತದ ನಾಲ್ಕನೇ ಗೇರು. 3.73 ಅನುಪಾತದ ಆಕ್ಸಲ್, 26 ಇಂಚಿನ ಟೈರ್ ಇದ್ದರೆ ಗಂಟೆಗೆ 100 ಕಿ.ಮೀ.ನಲ್ಲಿ ಹಳೆಯ 350 ಎಂಜಿನ್ನನ್ನು ನಿಮಿಷಕ್ಕೆ ಸುಮಾರು 3,000 ಸುತ್ತು ತಿರುಗಿಸುತ್ತದೆ, ಹೊಸದು 2,100. ದಿನವೂ ಹೆದ್ದಾರಿಯಲ್ಲಿ ಓಡುವ ಗಾಡಿಗೆ ಇದು ದೊಡ್ಡ ಲಾಭ, ಹಾಕಿಸಲೇಬೇಕು ಎನ್ನುತ್ತೇನೆ. ಆದರೆ ಪೆಟ್ಟಿಗೆಯ ಬೆಲೆಯನ್ನಷ್ಟೇ ನೋಡಿ ಹೊರಡಬೇಡಿ. ಕಾರ್ಬ್ಯುರೇಟರ್ ಗಾಡಿಯಾದರೆ ಅದಕ್ಕೆ ಪ್ರತ್ಯೇಕ ಕಂಟ್ರೋಲರ್, ಥ್ರಾಟಲ್ ಸೆನ್ಸರ್ ಮತ್ತು ವೈರಿಂಗ್ ಬೇಕು. ಚಿಕ್ಕ ಬಾಲದ 350ರ ಜಾಗಕ್ಕೆ ಕೂರಿಸುವಾಗ ಪ್ರೊಪೆಲ್ಲರ್ ಶಾಫ್ಟ್ ಸುಮಾರು 3 ಇಂಚು ಕತ್ತರಿಸಬೇಕು, ಗೇರ್‌ಬಾಕ್ಸನ್ನು ಹೊರುವ ಅಡ್ಡಪಟ್ಟಿ, ಅಂದರೆ ಕ್ರಾಸ್‌ಮೆಂಬರ್, ಹಿಂದಕ್ಕೆ ಸರಿಸಬೇಕು. ಊರೊಳಗೆ ಭಾನುವಾರ ಮಾತ್ರ ಓಡುವ ಗಾಡಿಗೆ ಇಷ್ಟು ಖರ್ಚು ದಂಡ. ಕಂಪ್ಯೂಟರ್ ಬೇಡವೆಂದು ಅದರ ಹಿಂದಿನ, ಕೇಬಲ್ಲಿನ ರೂಪವಾದ 700ಆರ್4 ತಂದರೆ ಅದರ ಥ್ರಾಟಲ್ ಕೇಬಲ್ ಮೊದಲೇ ಸರಿಯಾಗಿ ಹೊಂದಿಸಿ. ಕೇಬಲ್ ಸಡಿಲವಿದ್ದರೆ ಒತ್ತಡ ಏರದೆ ಮೂರು ಮತ್ತು ನಾಲ್ಕನೇ ಗೇರಿನ ಕ್ಲಚ್ ಬಲುಬೇಗ ಸುಟ್ಟುಹೋಗುತ್ತದೆ.

ಯಾವುದನ್ನೇ ಕೂರಿಸಿ, ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರನ್ನು ಗೇರ್‌ಬಾಕ್ಸಿನೊಳಕ್ಕೆ ಒತ್ತುತ್ತಾ ತಿರುಗಿಸಿ. ಎರಡು-ಮೂರು ಸಲ 'ಟಕ್' ಎಂದು ಒಳಕ್ಕೆ ಇಳಿಯಬೇಕು. ಗೇರ್‌ಬಾಕ್ಸ್ ಎಂಜಿನ್ನಿಗೆ ಅಂಟಿಕೊಂಡ ಮೇಲೆ ಕನ್ವರ್ಟರಿಗೂ ಎಂಜಿನ್ನಿನ ಹಿಂಬದಿಯ ತೆಳು ಚಕ್ರವಾದ ಫ್ಲೆಕ್ಸ್‌ಪ್ಲೇಟಿಗೂ ನಡುವೆ 3ರಿಂದ 5 ಮಿ.ಮೀ. ಸಂದು ಉಳಿದಿರಬೇಕು. ಸಂದೇ ಇಲ್ಲದಿದ್ದರೆ ಬೋಲ್ಟ್ ಬಿಗಿದು ಎಳೆಯಬೇಡಿ, ಗೇರ್‌ಬಾಕ್ಸ್ ಹಿಂದಕ್ಕೆ ಸರಿಸಿ ಮತ್ತೆ ಕೂರಿಸಿ. ಎಳೆದರೆ ಪಂಪ್ ಒಡೆಯುತ್ತದೆ.