ಕೆಮ್ಮಣ್ಣಿನ ಲೇಪ, ಕಪ್ಪು ನೂಲು ಮತ್ತು ನಮ್ಮ ವಿಶ್ವಾಸ

ಕರಾವಳಿಯಲ್ಲಿ ಸರ್ಪಸುತ್ತು ಎದ್ದಿತೆಂದರೆ ಮನೆಯ ಹಿರಿಯರಿಗೆ ಮೊದಲು ನೆನಪಾಗುವವರು ಕೆಮ್ಮಣ್ಣು ಅರೆದು ಹಚ್ಚಿ ಮಂತ್ರ ಹಾಕುವವರು. ಇದರಲ್ಲಿ ಜಾತಿ ಮತಗಳ ವ್ಯತ್ಯಾಸ ಅಷ್ಟಾಗಿ ಇಲ್ಲ. ವೈದ್ಯನಾದ ನನ್ನಲ್ಲಿಗೆ ಬರುವ ಕ್ರೈಸ್ತರಲ್ಲೂ ಎಷ್ಟೋ ಜನ ಅಲ್ಲಿಗೆ ಹೋಗಿಯೇ ಬಂದಿರುತ್ತಾರೆ, ಬಾಯಿ ಮಾತ್ರ ಬಿಡುವುದಿಲ್ಲ. ಉಳಿದವರು ‘ನಾಟಿ ಮದ್ದು ಮಾಡಿಸಿದೆವು, ಗುಣ ಕಾಣಲಿಲ್ಲ’ ಎಂದು ಕುಳಿತುಕೊಳ್ಳುವ ಮೊದಲೇ ಹೇಳಿಬಿಡುತ್ತಾರೆ. ಕ್ರೈಸ್ತ ರೋಗಿಗೆ ಪಾದ್ರಿಗಳ ಅಂಜಿಕೆ ಒಂದು, ವೈದ್ಯರ ಅಂಜಿಕೆ ಇನ್ನೊಂದು. ನಾನೂ ಅದೇ ಇಗರ್ಜಿಗೆ ಹೋಗುವವನಾದ್ದರಿಂದ ನನ್ನೆದುರು ಎರಡೂ ಒಟ್ಟಿಗೆ.

ಐವತ್ತು ದಾಟಿದ ಒಬ್ಬ ಕ್ರೈಸ್ತ ಹೆಂಗಸು, ನಮ್ಮ ಕಡೆಯ ಮಾತಿನಲ್ಲಿ ‘ಬಾಯಿ’, ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಬಂದಿದ್ದರು. ಸರಿಸಿ ನೋಡಿದರೆ ಹಣೆಯ ಎಡಭಾಗದಲ್ಲಿ ಒಣಗಿ ಬಿರುಕುಬಿಟ್ಟ ಕೆಮ್ಮಣ್ಣು, ಅದರ ಅಂಚಿನಲ್ಲಿ ನೀರುಗುಳ್ಳೆಗಳು, ಮೂಗಿನ ತುದಿಯಲ್ಲೂ ಒಂದೆರಡು. ಕೊರಳಲ್ಲಿ ಕಾರ್ಮೆಲ್ ಮಾತೆಯ ಸ್ಕ್ಯಾಪುಲರ್ (ಮರಿಯಮ್ಮನ ಭಕ್ತರು ಧರಿಸುವ ಬಟ್ಟೆ ತುಂಡಿನ ಸರ), ಅದರ ಜೊತೆಗೇ ಗಂಟು ಹಾಕಿದ ಕಪ್ಪು ನೂಲು. ‘ಇದನ್ನು ಯಾರು ಕಟ್ಟಿದ್ದು ಬಾಯಿ?’ ಎಂದು ಕೇಳಿದೆ. ‘ಸೊಸೆ ಸುಮ್ಮನೆ ಕಟ್ಟಿದಳು ಡಾಕ್ಟರೇ’ ಎಂದು ನೆಲ ನೋಡಿದರು.

ನನಗೆ ಆತಂಕ ತಂದದ್ದು ನೂಲಲ್ಲ, ಮೂಗಿನ ತುದಿಯ ಗುಳ್ಳೆ. ಮೂಗಿನ ತುದಿಗೆ ಹೋಗುವ ನರದ ಕವಲೇ ಕಣ್ಣಿಗೂ ಹೋಗುತ್ತದೆ. ಅಲ್ಲಿ ಗುಳ್ಳೆ ಎದ್ದರೆ ಕಣ್ಣಿಗೂ ಅಪಾಯವಿದೆ ಎಂದು ಲೆಕ್ಕ, ಅಂದೇ ನೇತ್ರವೈದ್ಯರು ನೋಡಬೇಕು. ಸರ್ಪಸುತ್ತು ಎಂದರೆ ಹಿಂದೆಂದೋ ಬಂದುಹೋದ ಸೀತಾಳೆ ಸಿಡುಬಿನ ವೈರಸ್. ನರದ ಬುಡದಲ್ಲಿ ಅಡಗಿದ್ದು, ಮೈಯ ಶಕ್ತಿ ಕುಗ್ಗಿದಾಗ ಅದೇ ನರದ ಹಾದಿ ಹಿಡಿದು ಹೊರಬರುತ್ತದೆ. ಹಾಗಾಗಿ ಗುಳ್ಳೆಗಳು ಸಾಮಾನ್ಯವಾಗಿ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಏಳುತ್ತವೆ. ಮೈ ಸುತ್ತಿಬಂದು ಸರ್ಪದ ತಲೆಯೂ ಬಾಲವೂ ಕೂಡಿದರೆ ಸಾವು ಎಂಬ ಮಾತಿನಲ್ಲಿ ಹುರುಳಿಲ್ಲ. ಎರಡರಿಂದ ನಾಲ್ಕು ವಾರಗಳಲ್ಲಿ ಗುಳ್ಳೆಗಳು ತಾವಾಗಿಯೇ ಒಣಗುವುದರಿಂದ ಕೀರ್ತಿ ಮಂತ್ರಕ್ಕೆ ಸಲ್ಲುತ್ತದೆ. ಆದರೆ ವೈರಸ್ ವಿರುದ್ಧದ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಗುಳ್ಳೆ ಎದ್ದ 72 ಗಂಟೆಗಳೊಳಗೆ ಶುರುಮಾಡಿದರೆ. ಕೆಮ್ಮಣ್ಣು ನುಂಗಿಹಾಕುವುದು ಆ ಮೂರು ದಿನಗಳನ್ನು.

ಕಾಮಾಲೆಯದೂ ಇದೇ ಕಥೆ. ಕಾರಣ ಹೆಪಟೈಟಿಸ್ ಎ ಎಂಬ ಯಕೃತ್ತಿನ ವೈರಸ್ ಸೋಂಕು ಆಗಿದ್ದರೆ ನೆಲನೆಲ್ಲಿಯ ರಸ ಕುಡಿದರೂ ಕುಡಿಯದಿದ್ದರೂ ಬಹುಪಾಲು ಜನರಿಗೆ ವಾಸಿಯಾಗುತ್ತದೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದ್ದರೆ ಆಗುವುದಿಲ್ಲ. ಬಸುರಿಗೆ ಹೆಪಟೈಟಿಸ್ ಇ ಬಂದಿದ್ದರೆ ಕಾಯುತ್ತ ಕೂರುವುದು ಪ್ರಾಣಕ್ಕೇ ಎರವು.

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ನಮ್ಮವರು ಅವನ್ನು ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತಾರೆ. ಬೇರು, ತೊಪ್ಪಲು, ಕಷಾಯ ಪಾಪವಲ್ಲ. ‘ಭೂಮಿಯಿಂದ ಔಷಧಗಳನ್ನು ಉಂಟುಮಾಡಿದವನು ದೇವರೇ, ವಿವೇಕಿ ಅವನ್ನು ಹೀಗಳೆಯುವುದಿಲ್ಲ’ ಎಂಬ ಅರ್ಥದ ಮಾತು ಕಥೋಲಿಕ ಬೈಬಲಿನ ಸಿರಾಖನ ಗ್ರಂಥದ 38ನೆಯ ಅಧ್ಯಾಯದಲ್ಲಿದೆ. ಪ್ರಾರ್ಥಿಸು, ಆಮೇಲೆ ವೈದ್ಯನಿಗೂ ಎಡೆಕೊಡು ಎನ್ನುವುದೂ ಅಲ್ಲಿಯೇ. ಪ್ರೊಟೆಸ್ಟೆಂಟರ ಬೈಬಲಿನಲ್ಲಿ ಆ ಗ್ರಂಥ ಇಲ್ಲ ಎನ್ನುವವರು ಅರಸುಗಳು ಎರಡನೆಯ ಭಾಗದ 20ನೆಯ ಅಧ್ಯಾಯ ತೆರೆಯಲಿ: ಹಿಜ್ಕೀಯ ಅರಸನ ಹುಣ್ಣಿಗೆ ಪ್ರವಾದಿ ಯೆಶಾಯನೇ ಅಂಜೂರದ ಹಣ್ಣಿನ ಲೇಪ ಹಾಕಿಸುತ್ತಾನೆ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಹೋಮಿಯೋಪಥಿ ಔಷಧ ಹಂಚತೊಡಗಿದವರು ಜರ್ಮನಿಯ ಜೆಸ್ವಿತ್ ಪಾದ್ರಿ ಫಾದರ್ ಮುಲ್ಲರ್. ಔಷಧ ಇಂಗ್ಲಿಷಿನದೇ ಆಗಿರಬೇಕೆಂಬ ಹಟ ಧರ್ಮಸಭೆಗೆ ಇರಲಿಲ್ಲ. ಕಷಾಯದ ಮೇಲೆ ನನಗಿರುವ ತಕರಾರು ವೈದ್ಯನದು: ಅದರಲ್ಲಿ ಏನಿದೆ, ಎಷ್ಟಿದೆ, ಯಕೃತ್ತು ಅದನ್ನು ತಾಳುತ್ತದೆಯೇ ಎಂಬುದಷ್ಟೇ.

ಮಂತ್ರದ, ಯಂತ್ರದ, ನೂಲಿನ ಪ್ರಶ್ನೆ ಬೇರೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 2117ನೆಯ ಕಲಮು ತಾಯಿತ ಧರಿಸುವುದನ್ನೂ ಖಂಡಿಸುತ್ತದೆ. ಸಾಂಪ್ರದಾಯಿಕ ಚಿಕಿತ್ಸೆಯ ಹೆಸರಿನಲ್ಲಿ ದುಷ್ಟಶಕ್ತಿಗಳನ್ನು ಕರೆಯುವುದಕ್ಕಾಗಲಿ ಜನರ ಮುಗ್ಧ ನಂಬಿಕೆಯನ್ನು ದುಡಿಸಿಕೊಳ್ಳುವುದಕ್ಕಾಗಲಿ ಸಮರ್ಥನೆಯಿಲ್ಲ ಎನ್ನುತ್ತದೆ. ಇದೆಲ್ಲ ತಿಳಿದವರೂ ಹೋಗುತ್ತಾರೆ. ಏಕೆಂದರೆ ನಾನು ಕೊಡಲಾಗದ ಒಂದನ್ನು ಮಂತ್ರವಾದಿ ಕೊಡುತ್ತಾನೆ. ‘ನನಗೇ ಏಕೆ ಬಂತು?’ ಎಂದರೆ ನನ್ನ ಉತ್ತರ ವೈರಸ್. ಅವನದು ‘ಹತ್ತಿರದವರೇ ಮಾಡಿಸಿದ್ದಾರೆ’. ಆ ಉತ್ತರ ಎಷ್ಟು ಹಿತ! ಅಲ್ಲಿಂದಾಚೆ ಓರಗಿತ್ತಿಯ ಮನೆಯ ನೀರು ಕುಡಿಯುವುದಿಲ್ಲ, ಪಕ್ಕದ ಮನೆಯ ಕ್ರಿಸ್ಮಸ್ ತಿಂಡಿ ಕುಸ್ವಾರಿನ ತಟ್ಟೆ ಹಾಗೆಯೇ ಹಿಂದಿರುಗುತ್ತದೆ. ಗುಳ್ಳೆ ತಿಂಗಳಲ್ಲಿ ಮಾಯುತ್ತದೆ, ಮನಸ್ತಾಪ ಮೊಮ್ಮಕ್ಕಳಿಗೂ ಇಳಿಯುತ್ತದೆ. ಯೋಹಾನನ ಶುಭಸಂದೇಶದ 9ನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ತೋರಿಸಿ ಶಿಷ್ಯರು ಕೇಳಿದ್ದೂ ಇದನ್ನೇ: ಪಾಪ ಯಾರದು, ಇವನದೋ ಹೆತ್ತವರದೋ? ಇವನದೂ ಅಲ್ಲ, ಹೆತ್ತವರದೂ ಅಲ್ಲ ಎಂದು ಯೇಸು ಹೇಳಿದರು. ಆಮೇಲೆ ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚಿದರು. ಮಣ್ಣು ಹಚ್ಚಿದ್ದಕ್ಕೆ ನನ್ನ ತಕರಾರಿಲ್ಲ, ತಪ್ಪಿತಸ್ಥನನ್ನು ಹುಡುಕುವುದಕ್ಕೆ ಇದೆ.

ಇನ್ನೊಂದು ಮಾತು ನಮ್ಮೊಳಗಿನವರಿಗೆ. ಮಂತ್ರವಾದಿಯನ್ನು ಬೈಯುವ ಕೆಲವು ಪ್ರಾರ್ಥನಾ ಕೂಟಗಳಲ್ಲೇ ‘ವಿಶ್ವಾಸವಿದ್ದರೆ ಮಾತ್ರೆ ಬಿಡು’ ಎನ್ನುತ್ತಾರೆ. ಅಪಸ್ಮಾರದ ಮಾತ್ರೆಯನ್ನು, ಮಕ್ಕಳ ಇನ್ಸುಲಿನ್ನನ್ನು ಏಕಾಏಕಿ ಬಿಡಿಸುವ ಪ್ರಾರ್ಥನೆಗೂ ಕಪ್ಪು ನೂಲಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿ ಎಂದು ಯಾಕೋಬನ ಪತ್ರ ಹೇಳುತ್ತದೆ. ಔಷಧ ಎಸೆಯಿರಿ ಎಂದು ಎಲ್ಲೂ ಹೇಳುವುದಿಲ್ಲ. ನಾಯಿ, ಹಾವು, ಚೇಳು ಕಚ್ಚಿದವರಿಗೆ ಆಸ್ಪತ್ರೆ ತಪ್ಪಿಸಿ ಮಂತ್ರ ಮಾಡುವುದು ಕರ್ನಾಟಕದ 2017ರ ಕಾನೂನಿನ ಪ್ರಕಾರ ಅಪರಾಧ.

ರೋಗಿಯನ್ನು ನಾನು ಈಗ ಕೇಳುವುದು ‘ನಾಟಿ ಮದ್ದು ಮಾಡಿದ್ದೀರಾ?’ ಎಂದಲ್ಲ, ‘ಯಾವ ಮದ್ದು, ಯಾವಾಗಿನಿಂದ?’ ಎಂದು. ಜೊತೆಗೆ ಬಂದವರನ್ನು ಹೊರಗೆ ಕೂರಿಸಿ ಕೇಳಿದರೆ ಉತ್ತರ ಬೇಗ ಬರುತ್ತದೆ. ನೂಲನ್ನು ನಾನು ಕತ್ತರಿಸುವುದಿಲ್ಲ, ಅದು ಅವರಿಗೂ ಪಾದ್ರಿಗಳಿಗೂ ಬಿಟ್ಟದ್ದು. ಪಾದ್ರಿಗಳಲ್ಲಿ ಒಂದೇ ಕೋರಿಕೆ: ನಿಮ್ಮ ಬಳಿ ಯಾರಾದರೂ ಇದನ್ನು ಹೇಳಿಕೊಂಡರೆ ಗದರಿಸುವ ಮೊದಲು ಕಾಯಿಲೆ ಏನೆಂದು ಕೇಳಿ, ಅಂದೇ ಆಸ್ಪತ್ರೆಗೆ ಕಳುಹಿಸಿ.