255 ಕೊಟ್ಟರೂ ಡಿಆರ್ ಆಗದ ಸ್ವಿಚ್

ರಾತ್ರಿ ಕರೆಂಟ್ ಹೋಗಿ ಯುಪಿಎಸ್ಸೂ ಕೈಕೊಟ್ಟಿದ್ದ ಒಂದು ಆಫೀಸಿಗೆ ಬೆಳಿಗ್ಗೆ ಹೋಗಿದ್ದೆ. ನೆಟ್‌ವರ್ಕ್ ಏನೋ ನಡೆಯುತ್ತಿತ್ತು. ಆದರೆ ರೂಟರ್‌ಗಳು ದಾರಿಯ ಸುದ್ದಿ ಹಂಚಿಕೊಳ್ಳುವ ಪದ್ಧತಿಯಾದ ಓಎಸ್‌ಪಿಎಫ್‌ನಲ್ಲಿ ಡಿಆರ್ (ಆ ಸುದ್ದಿ ಹಂಚುವ ಮುಖ್ಯಸ್ಥ) ಆಗಿ ಕೂತಿದ್ದು ಮೂಲೆಯ ಹಳೇ ರೂಟರ್. ಇನ್ನೊಂದು ಸಣ್ಣ ರೂಟರ್ ಬಿಡಿಆರ್, ಅಂದರೆ ಡಿಆರ್‌ನ ಬದಲಿ ಆಳು. ಪ್ರಯಾರಿಟಿ (ಆಯ್ಕೆಯ ಆದ್ಯತೆ) ಎಲ್ಲಕ್ಕಿಂತ ಹೆಚ್ಚು, 255 ಇದ್ದ ಕೋರ್ ಸ್ವಿಚ್‌ಗೆ, ಅಂದರೆ ರೂಟರ್ ಕೆಲಸವನ್ನೂ ಮಾಡುವ ನಡುವಿನ ಮುಖ್ಯ ಸ್ವಿಚ್‌ಗೆ, ಯಾವ ಪಟ್ಟವೂ ಇಲ್ಲ. “ಸರ್, ಮೂರು ಸಲ ರೀಸ್ಟಾರ್ಟ್ ಮಾಡಿದೆ, ಕೇಳ್ತಾನೇ ಇಲ್ಲ” ಅಂದ ಅಲ್ಲಿನ ಹುಡುಗ.

ಒಂದೇ ವಿಲ್ಯಾನ್‌ನಲ್ಲಿ (ನೆಟ್‌ವರ್ಕಿನ ಒಂದು ತುಂಡಿನಲ್ಲಿ) ಹತ್ತು ರೂಟರ್ ಇದ್ದು, ಪ್ರತಿಯೊಂದೂ ಉಳಿದೆಲ್ಲದರ ಜೊತೆ ದಾರಿಗಳ ಡೇಟಾಬೇಸ್ ಹೊಂದಿಸಿಕೊಳ್ಳಬೇಕು ಅಂದರೆ 45 ಜೋಡಿ ಆಗುತ್ತವೆ. ಡಿಆರ್, ಬಿಡಿಆರ್ ಇದ್ದರೆ 17 ಸಾಕು. ಉಳಿದವು ತಮ್ಮತಮ್ಮಲ್ಲಿ ಟು-ವೇ ಹಂತದಲ್ಲೇ, ಅಂದರೆ ಬರೀ ಪರಸ್ಪರ ಪರಿಚಯದಲ್ಲೇ, ನಿಲ್ಲುತ್ತವೆ. ಅದನ್ನು ನೋಡಿ ಗಾಬರಿ ಬೀಳುವವರೇ ಜಾಸ್ತಿ! ಅಂದಹಾಗೆ, ನಿಮ್ಮ ಡೇಟಾ ಡಿಆರ್ ಮೂಲಕ ಹೋಗುವುದಿಲ್ಲ. ಅದು ಹಂಚುವುದು ರೂಟಿಂಗ್ ಸುದ್ದಿಯನ್ನು ಮಾತ್ರ.

ಆಯ್ಕೆಯಲ್ಲಿ ಮೊದಲು ಪ್ರಯಾರಿಟಿ ನೋಡುತ್ತಾರೆ, ಅದು ಸಮವಾದರೆ ರೂಟರ್ ಐಡಿ (ರೂಟರ್‌ನ ಗುರುತಿನ ಸಂಖ್ಯೆ) ದೊಡ್ಡದಿರುವುದು ಗೆಲ್ಲುತ್ತದೆ. ಇಷ್ಟು ಎಲ್ಲರಿಗೂ ಬಾಯಿಪಾಠ. ಮರೆಯುವುದು ಸೀಟು ಖಾಲಿ ಇರಬೇಕು ಅನ್ನುವುದನ್ನು. ಎದ್ದ ರೂಟರ್ ಸಾಮಾನ್ಯವಾಗಿ 40 ಸೆಕೆಂಡ್ ಕಿವಿಗೊಟ್ಟು ಕಾಯುತ್ತದೆ. ಆಗಲೇ ಡಿಆರ್, ಬಿಡಿಆರ್ ಇದ್ದರೆ ತೆಪ್ಪಗೆ ಒಪ್ಪಿಕೊಳ್ಳುತ್ತದೆ. ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ, ಅಲ್ವಾ? ಆ ರಾತ್ರಿ ಸಣ್ಣವೆರಡು ಬೇಗ ಎದ್ದು ಟವೆಲ್ ಹಾಕಿದವು. ಕೋರ್ ಸ್ವಿಚ್ ಬೂಟ್ ಆಗುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

ಓಎಸ್‌ಪಿಎಫ್ ಥರದ್ದೇ ಇನ್ನೊಂದು ಪದ್ಧತಿಯಾದ ಐಎಸ್-ಐಎಸ್‌ನಲ್ಲಿ ಹೀಗಲ್ಲ. ಅಲ್ಲಿ ಹೆಚ್ಚು ಪ್ರಯಾರಿಟಿಯವನು ಬಂದ ತಕ್ಷಣ ಪಟ್ಟ ಅವನದೇ, ಬಿಡಿಆರ್ ಥರ ಬದಲಿ ಆಳೂ ಇಲ್ಲ. ನನಗೆ ಓಎಸ್‌ಪಿಎಫ್‌ನ ಹಠವೇ ಇಷ್ಟ. ಆಗಾಗ ಬಿದ್ದು ಏಳುವ ರೂಟರ್‌ಗೆ 255 ಇದೆ ಅಂತ ಪ್ರತಿ ಸಲ ಪಟ್ಟ ಕೊಟ್ಟರೆ, ಪ್ರತಿ ಸಲವೂ ಎಲ್ಲವೂ ಅದರ ಜೊತೆ ಹೊಸದಾಗಿ ಸಂಬಂಧ ಕಟ್ಟಿಕೊಳ್ಳಬೇಕು.

ಹುಡುಗ ರೀಸ್ಟಾರ್ಟ್ ಮಾಡಿದ್ದು ಸೀಟಿಲ್ಲದವನನ್ನು. ನಾವು ಹಳೇ ಡಿಆರ್‌ನಲ್ಲಿ ಓಎಸ್‌ಪಿಎಫ್ ಪ್ರೊಸೆಸ್ ಕ್ಲಿಯರ್ ಮಾಡಿದೆವು, ಅಂದರೆ ಓಎಸ್‌ಪಿಎಫ್ ಅಷ್ಟನ್ನೇ ಹೊಸದಾಗಿ ಶುರು ಮಾಡಿಸಿ ಸೀಟು ಬಿಡಿಸಿದೆವು. ಬಿಡಿಆರ್ ಮೇಲೇರಿ ಡಿಆರ್ ಆಯಿತು, ಕೋರ್ ಸ್ವಿಚ್ ಬಿಡಿಆರ್ ಆಯಿತು. ಹುಡುಗನ ಮುಖ ಸಪ್ಪೆ. ಈಗ ಹೊಸ ಡಿಆರ್‌ನಲ್ಲೂ ಅದೇ ಕಮಾಂಡ್. ಕೋರ್ ಸ್ವಿಚ್‌ಗೆ ಕೊನೆಗೂ ಪಟ್ಟ ಸಿಕ್ಕಿತು.

ಹೊರಡುವ ಮುಂಚೆ ಹಳೇ ರೂಟರ್‌ಗೆ ಪ್ರಯಾರಿಟಿ 0 ಹಾಕಿದೆ. ಇನ್ನು ಅದು ಎಷ್ಟು ಬೇಗ ಎದ್ದರೂ ಚುನಾವಣೆಗೆ ನಿಲ್ಲಲ್ಲ. “ಎಲ್ಲಾ ಸಣ್ಣದಕ್ಕೂ 0 ಹಾಕಿಬಿಡ್ಲಾ ಸರ್?” ಅಂದ ಹುಡುಗ. ಬೇಡ, ಒಂದನ್ನಾದರೂ ಬಿಡು ಅಂದೆ. ಕೋರ್ ಸ್ವಿಚ್ ಬಿದ್ದ ದಿನ ಡಿಆರ್ ಆಗಲು ಯಾರೂ ಇಲ್ಲದಿದ್ದರೆ, ಎಲ್ಲವೂ ಟು-ವೇಯಲ್ಲೇ ಕೂತು ಮುಖ ಮುಖ ನೋಡಿಕೊಳ್ಳುತ್ತವೆ.