ಹಳೇ ಫೋರ್ಡ್ ಎಫ್-100 ಯಾವ ವರ್ಷದ್ದು ಅಂತ ಗುರುತಿಸುವುದು ಹೇಗೆ?

ಪ್ರಶ್ನೆ: 1953ರಿಂದ 1956ರವರೆಗಿನ ಫೋರ್ಡ್ ಎಫ್-100 ಪಿಕಪ್‌ಗಳು ಫೋಟೋದಲ್ಲಿ ಎಲ್ಲಾ ಒಂದೇ ಥರ ಕಾಣುತ್ತವೆ. ಯಾವುದು ಯಾವ ವರ್ಷದ್ದು ಅಂತ ಹೇಗೆ ಗೊತ್ತಾಗುತ್ತದೆ? ಬಾನೆಟ್ ಕೆಳಗಿನ ಎಂಜಿನ್ ಕೂಡ ಒಂದೇನಾ?

ಉತ್ತರ: ಎಂಜಿನ್ ಒಂದೇ ಅಲ್ಲ. ಗೊಂದಲ ಆಗುವುದು ಇಲ್ಲೇ. ಈ ನಾಲ್ಕು ವರ್ಷಗಳಲ್ಲಿ ಹೊರಗಿನ ದೊಡ್ಡ ಬದಲಾವಣೆ ಬಂದದ್ದು ಕೊನೆಯಲ್ಲಿ, 1956ರಲ್ಲಿ. ಎಂಜಿನ್‌ನ ದೊಡ್ಡ ಬದಲಾವಣೆ ಬಂದದ್ದು ಅದಕ್ಕೂ ಮುಂಚೆ, 1954ರಲ್ಲಿ. ಹಾಗಾಗಿ ಮುಖ ನೋಡಿ ಎಂಜಿನ್ ಊಹಿಸಲು ಹೋದರೆ ಎಡವುತ್ತೀರಿ. ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಮೊದಲು ಮುಂದಿನ ಗಾಜು ನೋಡಿ. ಗಾಜು ಎರಡೂ ಪಕ್ಕಕ್ಕೆ ಬಾಗಿ ಸುತ್ತಿಕೊಂಡಿದ್ದು, ಅದರ ಅಂಚಿನ ಕಂಬ ನೆಟ್ಟಗೆ ನಿಂತಿದ್ದರೆ ಅದು 1956. ಕಂಬ ಹಿಂದಕ್ಕೆ ವಾಲಿದ್ದರೆ ಮೊದಲ ಮೂರು ವರ್ಷಗಳಲ್ಲಿ ಒಂದು. ಆಗ ಗ್ರಿಲ್ ಕಡೆ, ಅಂದರೆ ಮುಂದಿನ ಜಾಲರಿಯ ಕಡೆ ಬನ್ನಿ. ಅಡ್ಡಪಟ್ಟಿಗಳ ಪೈಕಿ ಮೇಲಿನದರ ನಡುವೆ 'ವಿ' ಆಕಾರದ ತಗ್ಗು ಇದ್ದರೆ 1955. ಒಂದೇ ದಪ್ಪ ಅಡ್ಡಪಟ್ಟಿ, ಅದಕ್ಕೆ ಎರಡೂ ಕಡೆ ಓರೆಯಾದ ಆಸರೆ ಇದ್ದರೆ 1954. ಅಲಂಕಾರ ಜಾಸ್ತಿ ಇಲ್ಲದ ಸರಳ ಗ್ರಿಲ್ 1953ರದು. ನನ್ನ ಕಣ್ಣಿಗೆ ನಾಲ್ಕರಲ್ಲಿ ಚೆಂದದ ಮುಖ ಇದೇ. ಮುಂದಿನ ವರ್ಷಗಳಲ್ಲಿ ಕ್ರೋಮ್ ಆಸೆಗೆ ಒಂದೊಂದಾಗಿ ಸೇರಿಸುತ್ತಾ ಹೋದರು ಅನ್ನಿಸುತ್ತದೆ. ಆದರೆ ಒಂದು ಎಚ್ಚರಿಕೆ. ಗ್ರಿಲ್ ಬಿಚ್ಚಿ ಬೇರೆ ವರ್ಷದ್ದನ್ನು ಹಾಕುವುದು ಸುಲಭ, ಕ್ಯಾಬಿನ್ ಬದಲಿಸುವುದು ಕಷ್ಟ. ಅದಕ್ಕೇ ಗಾಜಿನ ಸಾಕ್ಷಿಗೆ ಬೆಲೆ ಜಾಸ್ತಿ.

ಇನ್ನು 1953 ಯಾಕೆ ಮುಖ್ಯ ಅಂತ ಸ್ವಲ್ಪ ಹೇಳಬೇಕು. ಫೋರ್ಡ್ ಕಂಪನಿ ಶುರುವಾದದ್ದು 1903ರಲ್ಲಿ. ಐವತ್ತನೇ ವರ್ಷಕ್ಕೆ ಈ ಹೊಸ ಪಿಕಪ್ ಬಂತು. ಅದಕ್ಕೂ ಮುಂಚೆ, 1948ರಿಂದ, ಅರ್ಧ ಟನ್ ಪಿಕಪ್‌ಗೆ ಎಫ್-1 ಅಂತ ಹೆಸರಿತ್ತು. ಅದು ಎಫ್-100 ಆಯಿತು. ಎಫ್-2 ಮತ್ತು ಎಫ್-3 ಸೇರಿ ಎಫ್-250 ಆದವು. ಮುಂದಿನ ಆಕ್ಸಲ್ ಅನ್ನು ಹಿಂದಕ್ಕೆ ಸರಿಸಿದ್ದರಿಂದ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 114 ಇಂಚಿನಿಂದ 110ಕ್ಕೆ ಇಳಿಯಿತು. ಗಾಡಿ ಇಕ್ಕಟ್ಟಿನಲ್ಲೂ ಸಲೀಸಾಗಿ ತಿರುಗುತ್ತಿತ್ತು. ಸೀಟು ಅಗಲ, ಗಾಜು ದೊಡ್ಡದು, ಬೇಕಾದರೆ ಆಟೊಮ್ಯಾಟಿಕ್ ಗೇರ್ ಕೂಡ. ಪಿಕಪ್ ಅಂದರೆ ಹೊಲಕ್ಕೂ ಗೋದಾಮಿಗೂ ಓಡುವ ಸಾಮಾನಿನ ಗಾಡಿ ಅನ್ನುವ ಕಾಲದಲ್ಲಿ ಓಡಿಸುವವನ ಮೈಕೈ ಬಗ್ಗೆ ಇಷ್ಟು ಯೋಚಿಸಿದ್ದು ದೊಡ್ಡ ಮಾತೇ.

ಈಗ ಎಂಜಿನ್. ಹೊಸ ಮೈ ಬಂದರೂ 1953ರಲ್ಲಿ ಒಳಗಿದ್ದದ್ದು 1932ರ ವಂಶದ ಹಳೇ ವಿ8 (ನಾಲ್ಕು ನಾಲ್ಕರ ಎರಡು ಸಾಲು 'ವಿ' ಆಕಾರದಲ್ಲಿರುವ ಎಂಟು ಸಿಲಿಂಡರ್ ಎಂಜಿನ್), ಅಂದರೆ ಫ್ಲಾಟ್‌ಹೆಡ್. ಇದರಲ್ಲಿ ವಾಲ್ವ್‌ಗಳು ಸಿಲಿಂಡರ್ ಮೇಲೆ ಇರುವುದಿಲ್ಲ, ಪಕ್ಕದಲ್ಲಿ ಬ್ಲಾಕ್ ಒಳಗೇ ಇರುತ್ತವೆ. ಹೆಡ್ ಅನ್ನುವುದು ಬರೀ ಒಂದು ಚಪ್ಪಟೆ ಮುಚ್ಚಳ. ಮಾಡಲು ಅಗ್ಗ, ಬಿಚ್ಚಲು ಸುಲಭ. ತೊಂದರೆ ಏನೆಂದರೆ, ಸುಟ್ಟ ಬಿಸಿ ಗಾಳಿ ಹೊರಗೆ ಹೋಗಲು ಬ್ಲಾಕ್ ಒಳಗಿನಿಂದಲೇ, ಸಿಲಿಂಡರ್‌ಗಳನ್ನು ದಾಟಿ ಬರಬೇಕು. ಆ ಶಾಖವೆಲ್ಲಾ ರೇಡಿಯೇಟರ್ ನೀರಿಗೆ ಸೇರುತ್ತದೆ. ಒಂದೊಂದು ಸಾಲಿಗೆ ಒಂದರಂತೆ ಎರಡು ವಾಟರ್ ಪಂಪ್ ಇದ್ದರೂ ಬಿಸಿಲಲ್ಲಿ ಏರು ಹತ್ತುವಾಗ ನೀರು ಕುದಿಯುವುದಕ್ಕೆ ಈ ಎಂಜಿನ್ ಹೆಸರುವಾಸಿ. ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಗಾಳಿ-ಪೆಟ್ರೋಲನ್ನು ಒತ್ತುವ ಪ್ರಮಾಣ, ಜಾಸ್ತಿ ಮಾಡೋಣ ಅಂದರೆ ಅದೂ ಕಷ್ಟ. ಯಾಕೆಂದರೆ ಉರಿಯುವ ಜಾಗ ಪಕ್ಕಕ್ಕೆ ಹರಡಿಕೊಂಡಿರುತ್ತದೆ. ಅಷ್ಟರಲ್ಲಿ ಕ್ಯಾಡಿಲ್ಯಾಕ್ ಮತ್ತು ಓಲ್ಡ್ಸ್‌ಮೊಬೈಲ್ 1949ರಲ್ಲೇ ವಾಲ್ವ್‌ಗಳನ್ನು ಹೆಡ್‌ಗೆ ಏರಿಸಿದ ವಿ8ಗಳನ್ನು ತಂದಾಗಿತ್ತು.

ಇದರಲ್ಲೊಂದು ತಮಾಷೆ ಇದೆ. ಫೋರ್ಡ್‌ನ ಸಣ್ಣ ಪಿಕಪ್ ಸಾಲಿನಲ್ಲಿ ಮೊದಲು ಹೊಸ ಕಾಲಕ್ಕೆ ಬಂದದ್ದು ದೊಡ್ಡ ವಿ8 ಅಲ್ಲ, ಅಗ್ಗದ ಆರು ಸಿಲಿಂಡರ್. 1952ರಲ್ಲೇ ಅದಕ್ಕೆ ಹೆಡ್ ಒಳಗಿನ ವಾಲ್ವ್ ಬಂತು. 1953ರ ಎಫ್-100ರಲ್ಲಿ ಆ 3.5 ಲೀಟರ್ ಆರು ಸಿಲಿಂಡರ್ 101 ಅಶ್ವಶಕ್ತಿ ಕೊಟ್ಟರೆ, 3.9 ಲೀಟರ್ ವಿ8 ಕೊಟ್ಟದ್ದು 106. ಜಾಸ್ತಿ ದುಡ್ಡು ಕೊಟ್ಟು ವಿ8 ತಗೊಂಡವರಿಗೆ ಸಿಕ್ಕಿದ್ದು ಐದೇ ಐದು ಅಶ್ವಶಕ್ತಿ, ಜೊತೆಗೆ ಆ ಗುಡುಗುಡು ಸದ್ದು. ಸದ್ದಿಗಾಗಿಯೇ ತಗೊಂಡವರು ಇದ್ದರು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

1954ರಲ್ಲಿ ಫ್ಲಾಟ್‌ಹೆಡ್ ಹೋಗಿ ವೈ-ಬ್ಲಾಕ್ ಬಂತು. ಬ್ಲಾಕ್‌ನ ಗೋಡೆಗಳು ಪಿಸ್ಟನ್‌ಗಳು ತಿರುಗಿಸುವ ದಂಡವಾದ ಕ್ರ್ಯಾಂಕ್‌ಗಿಂತ ಕೆಳಗಿನವರೆಗೂ ಇಳಿದಿರುವುದರಿಂದ ಮುಂದಿನಿಂದ ನೋಡಿದರೆ 'ವೈ' ಅಕ್ಷರದಂತೆ ಕಾಣುತ್ತದೆ. ಕ್ರ್ಯಾಂಕ್‌ಗೆ ಗಟ್ಟಿ ಹಿಡಿತ ಸಿಗುತ್ತದೆ, ಎಂಜಿನ್ ಮಾತ್ರ ಭಾರ. ಅಳತೆ ನೋಡಿದರೆ ಹಳೆಯದೂ 239 ಘನ ಇಂಚು, ಅಂದರೆ ಅದೇ 3.9 ಲೀಟರ್, ಹೊಸದೂ 239. ಹಾಗಂತ ಹಳೆಯದನ್ನೇ ತಿದ್ದಿದ್ದಾರೆ ಅಂದುಕೊಳ್ಳಬೇಡಿ. ಫ್ಲಾಟ್‌ಹೆಡ್‌ನ ಸಿಲಿಂಡರ್ ಕಿರಿದು, ಪಿಸ್ಟನ್ ಓಡುವ ದೂರ ಉದ್ದ. ವೈ-ಬ್ಲಾಕ್‌ನ ಸಿಲಿಂಡರ್ 3.5 ಇಂಚು ಅಗಲ, ಪಿಸ್ಟನ್ ಓಡುವುದು 3.1 ಇಂಚು ಮಾತ್ರ. ಅದೇ ಅಳತೆಯಲ್ಲಿ ಶಕ್ತಿ 130ಕ್ಕೆ ಏರಿತು. ಆರು ಸಿಲಿಂಡರ್ ಕೂಡ 223 ಘನ ಇಂಚಿಗೆ, ಅಂದರೆ ಸುಮಾರು 3.7 ಲೀಟರ್‌ಗೆ, ಬೆಳೆದು 115 ಅಶ್ವಶಕ್ತಿ ಆಯಿತು. ಷೆವ್ರೊಲೆ ಪಿಕಪ್‌ಗೆ ವಿ8 ಬಂದದ್ದೇ 1955ರಲ್ಲಿ ಅಂತ ನೆನಪಿಟ್ಟುಕೊಂಡರೆ ಫೋರ್ಡ್ ಎಷ್ಟು ಮುಂದಿತ್ತು ಅಂತ ತಿಳಿಯುತ್ತದೆ.

ವೈ-ಬ್ಲಾಕ್‌ಗೂ ತನ್ನದೇ ಕಾಯಿಲೆ ಇದೆ. ಮೇಲಿನ ರಾಕರ್‌ಗಳಿಗೆ, ಅಂದರೆ ವಾಲ್ವ್ ಒತ್ತುವ ತೋಳುಗಳಿಗೆ, ಆಯಿಲ್ ತಲುಪಬೇಕಾದ ದಾರಿ, ಅವನ್ನು ಆಡಿಸುವ ದಂಡವಾದ ಕ್ಯಾಮ್‌ನ ನಡುವಿನ ಬೇರಿಂಗ್ ಹತ್ತಿರ ಕಿರಿದಾಗಿದೆ. ಆ ಕಾಲದ ಆಯಿಲ್‌ನ ಕೆಸರು ಅಲ್ಲಿ ಕಟ್ಟಿಕೊಂಡರೆ ಮೇಲೆ ಒಣಗಿ ಟಕಟಕ ಅನ್ನುತ್ತದೆ. ಹೊರಗಿನಿಂದ ಒಂದು ತಾಮ್ರದ ಪೈಪ್ ಎಳೆದು ಆಯಿಲ್ ಕೊಡುವುದು ಹಳೇ ಮೆಕ್ಯಾನಿಕ್‌ಗಳ ಉಪಾಯ. ನೀವು ನೋಡಲು ಹೋದ ಗಾಡಿಯಲ್ಲಿ ಅಂಥ ಪೈಪ್ ಕಂಡರೆ ಆ ಎಂಜಿನ್ ಒಮ್ಮೆ ಸೊರಗಿತ್ತು ಅಂತ ಅರ್ಥ ಮಾಡಿಕೊಳ್ಳಿ.

1956ಕ್ಕೆ ವಿ8 ಅಳತೆ 272 ಘನ ಇಂಚಾಯಿತು, ಅಂದರೆ 4.5 ಲೀಟರ್. 6 ವೋಲ್ಟ್ ಕರೆಂಟ್ ಹೋಗಿ 12 ವೋಲ್ಟ್ ಬಂತು. ಚಳಿಗಾಲದಲ್ಲಿ ಸ್ಟಾರ್ಟ್ ಮಾಡುವವರಿಗೆ ಇದು ಗಾಜಿಗಿಂತ ದೊಡ್ಡ ಸುಧಾರಣೆ. ಸುತ್ತು ಗಾಜಿನ ಈ ಕ್ಯಾಬಿನ್ ಒಂದೇ ವರ್ಷ ಬಂತು. 1957ರಲ್ಲಿ ಇಡೀ ಗಾಡಿಯೇ ಬದಲಾಗಿ, ಉಬ್ಬಿದ ಮುಂದಿನ ಮಡ್‌ಗಾರ್ಡ್‌ಗಳು ಮೈಯೊಳಗೆ ಸೇರಿಹೋದವು. ಅದಕ್ಕೇ 1956ರದಕ್ಕೆ, ಅದರಲ್ಲೂ ಹಿಂದೆ ದೊಡ್ಡ ಗಾಜು ಹಾಕಿಸಿಕೊಂಡದ್ದಕ್ಕೆ, ಇವತ್ತು ಅಷ್ಟು ಬೇಡಿಕೆ.

ಇಷ್ಟೆಲ್ಲಾ ತಿಳಿದರೂ ಬಾನೆಟ್ ಎತ್ತಿದಾಗ ಷೆವ್ರೊಲೆ ವಿ8 ಕಂಡರೆ ಗಾಬರಿ ಬೀಳಬೇಡಿ. ಈ ಪಿಕಪ್‌ಗಳಿಗೆ ಬೇರೆ ಎಂಜಿನ್ ಕೂರಿಸುವುದು ದಶಕಗಳಿಂದ ನಡೆದುಬಂದ ಹವ್ಯಾಸ. ಇವುಗಳ ಸ್ಟೇರಿಂಗ್ ಬಾಕ್ಸ್ ಕಿತ್ತು ಬೇರೆ ಹಾಟ್ ರಾಡ್ (ವೇಗಕ್ಕೆಂದು ಮಾರ್ಪಡಿಸಿದ ಹಳೇ ಕಾರು)‌ಗಳಿಗೆ ಹಾಕಿದವರೂ ಬೇಕಾದಷ್ಟು. ಗಾಡಿ ಹುಟ್ಟಿದಾಗ ಏನಿತ್ತು ಅಂತ ತಿಳಿಯಲು ಅದರ ಸೀರಿಯಲ್ ನಂಬರ್ ನೋಡಿ. 'ಎಫ್10' ಆದಮೇಲೆ ಬರುವ ಅಕ್ಷರ ಎಂಜಿನ್‌ನದು, ಅದರ ಮುಂದಿನ ಅಂಕಿ ವರ್ಷದ್ದು. ಅಕ್ಷರ 'ಡಿ' ಅಂತಿದ್ದರೆ ಆರು ಸಿಲಿಂಡರ್, 'ವಿ' ಅಂತಿದ್ದರೆ ವೈ-ಬ್ಲಾಕ್. ನಂಬರ್‌ನಲ್ಲಿ 'ಡಿ' ಇದ್ದು ಬಾನೆಟ್ ಕೆಳಗೆ ವಿ8 ಇದ್ದರೆ, ಅದನ್ನು ಆಮೇಲೆ ಯಾರೋ ಹಾಕಿದ್ದಾರೆ. ಮಾರುವವರು 'ಒರಿಜಿನಲ್' ಅಂದರೆ ಆ ಅಕ್ಷರ ತೋರಿಸಿ ಬೆಲೆ ಮಾತಾಡಿ.